ಅಂಡಾಶಯದ ನೀರುಗುಳ್ಳೆ: ಆಹಾರ, ಪಥ್ಯ ಮತ್ತು ಮನೆಮದ್ದು

ಅಂಡಾಶಯದ ಒಳಗಾಗಲಿ ಮೇಲ್ಮೈಯಲ್ಲಾಗಲಿ ದ್ರವ ತುಂಬಿಕೊಂಡು ಮೂಡುವ ಚೀಲವೇ ನೀರುಗುಳ್ಳೆ ಅಥವಾ ಸಿಸ್ಟ್. ಸ್ಕ್ಯಾನಿಂಗ್ ಯಂತ್ರ ತಾಲ್ಲೂಕು ಊರುಗಳನ್ನೂ ಮುಟ್ಟಿದ ಮೇಲೆ ಹಿಂದೆ ಯಾರ ಗಮನಕ್ಕೂ ಬಾರದೆ ಹುಟ್ಟಿ ಮಾಯವಾಗುತ್ತಿದ್ದ ಗುಳ್ಳೆಗಳು ಈಗ ಅಳತೆಸಮೇತ ಕಾಗದಕ್ಕೆ ಇಳಿಯುತ್ತಿವೆ. ಹೊಟ್ಟೆನೋವಿಗೋ ಮುಟ್ಟಿನ ಏರುಪೇರಿಗೋ ಮಾಡಿಸಿದ ಸ್ಕ್ಯಾನ್‌ನಲ್ಲಿ ಬಲಗಡೆ ನಾಲ್ಕು ಸೆಂಟಿಮೀಟರ್ ಸಿಸ್ಟ್ ಎಂದು ಬರೆದು ಬಂದರೆ ಮನೆಯವರ ಮನಸ್ಸು ಎರಡು ಕಡೆ ಓಡುತ್ತದೆ: ಆಪರೇಷನ್ ಮಾಡಿಸಬೇಕೋ, ಪಥ್ಯ ಕಷಾಯಗಳಲ್ಲಿ ಕರಗೀತೋ? ಎರಡನೆಯದಕ್ಕೆ ಉತ್ತರ ಹೇಳುವವರಿಗೆ ಬರವಿಲ್ಲ. ಅಗಸೆ, ಮೆಂತ್ಯ, ಚಕ್ಕೆ, ಪುದೀನ ಕಷಾಯ, ಹರಳೆಣ್ಣೆಯ ಪಟ್ಟು, ಕಾಂಚನಾರ ಗುಗ್ಗುಳು ಎಂದು ಪಟ್ಟಿ ಬೆಳೆಯುತ್ತದೆ. ಮೂರು ತಿಂಗಳಲ್ಲಿ ಗುಳ್ಳೆ ಹೋಯಿತು ಎನ್ನುವವರೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಗುಳ್ಳೆ ಹೋಗಿರುವುದು ನಿಜ. ಆದರೆ ಅದನ್ನು ಕಳಿಸಿದ್ದು ಯಾವುದು ಎಂಬುದು ಬೇರೆಯೇ ವಿಚಾರ. ಆ ವಿಚಾರವನ್ನು ಬಿಡಿಸಿ ನೋಡಿದರೆ ಮನೆಮದ್ದಿನ ಹೆಸರಿಗೆ ಜಮೆಯಾಗಿರುವ ಕೀರ್ತಿಯ ಬಹುಪಾಲು ಗುಳ್ಳೆಯ ಸ್ವಭಾವಕ್ಕೆ ಸಲ್ಲಬೇಕಾದದ್ದೆಂದೂ, ಆಹಾರದ ನಿಜವಾದ ಕೆಲಸ ಇರುವುದು ಇನ್ನೊಂದು ಜಾಗದಲ್ಲೆಂದೂ ತಿಳಿಯುತ್ತದೆ.

ಅಂಡಾಶಯದ ತಿಂಗಳ ಕೆಲಸವೇ ನೀರುಚೀಲ ಕಟ್ಟಿ ಒಡೆಯುವುದು. ಪ್ರತಿ ಋತುಚಕ್ರದಲ್ಲೂ ಹಲವು ಅಂಡಕೋಶಿಕೆಗಳು ಬೆಳೆಯತೊಡಗುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ಮಾತ್ರ ಮುಂದೆ ಹೋಗಿ, ಸುಮಾರು ಎರಡು ಸೆಂಟಿಮೀಟರ್ ಅಗಲಕ್ಕೆ ಉಬ್ಬಿ, ಬಿರಿದು ಅಂಡವನ್ನು ಹೊರಬಿಡುತ್ತದೆ, ಉಳಿದವು ಕುಗ್ಗಿಹೋಗುತ್ತವೆ. ಬಿರಿಯಬೇಕಾದದ್ದು ಬಿರಿಯದೆ ಮೂರು ಸೆಂಟಿಮೀಟರ್ ದಾಟಿ ಬೆಳೆದರೆ ಅದನ್ನು ಕೋಶಿಕೆಯ ಗುಳ್ಳೆ ಎನ್ನುತ್ತಾರೆ. ಬಿರಿದ ಜಾಗದಲ್ಲಿ ಉಳಿಯುವ ಪೀತಪಿಂಡ ತಾನಾಗಿ ಮುದುಡುವ ಬದಲು ಬಾಯಿ ಮುಚ್ಚಿಕೊಂಡು ಒಳಗೆ ದ್ರವವೋ ರಕ್ತವೋ ತುಂಬಿಕೊಂಡರೆ ಅದು ಪೀತಪಿಂಡದ ಗುಳ್ಳೆ. ಇವೆರಡಕ್ಕೂ ವೈದ್ಯರು ಫಂಕ್ಷನಲ್ ಸಿಸ್ಟ್ ಎಂಬ ಒಂದೇ ಹೆಸರು ಬಳಸುತ್ತಾರೆ. ಸ್ಕ್ಯಾನ್ ಪರದೆಯ ಮೇಲೆ ಮೊದಲನೆಯದು ಅಚ್ಚ ಕಪ್ಪು, ದುಂಡು, ತೆಳುಗೋಡೆ. ಒಳಗೆ ಅಡ್ಡಗೋಡೆಯಿಲ್ಲ, ಗಟ್ಟಿ ಭಾಗವಿಲ್ಲ. ರಕ್ತ ಕಟ್ಟಿದ್ದರೆ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಾಣುತ್ತವೆ. ಅಂಡಾಶಯಕ್ಕೆ ಬರುವ ಹಾರ್ಮೋನಿನ ಸೂಚನೆ ಮುಂದಿನ ಚಕ್ರಗಳಲ್ಲಿ ಬದಲಾಗುತ್ತಿದ್ದಂತೆ ಇಂಥ ಗುಳ್ಳೆಗಳಲ್ಲಿ ಹೆಚ್ಚಿನವು ಎರಡು ಮೂರು ತಿಂಗಳೊಳಗೆ ಕುಗ್ಗಿ ಇಲ್ಲವಾಗುತ್ತವೆ. ಮುಟ್ಟಾಗುವ ವಯಸ್ಸಿನವರಲ್ಲಿ ಕಾಣುವ ಗುಳ್ಳೆಗಳ ಬಹುಪಾಲು ಈ ಜಾತಿಯವು.

ಮಿಕ್ಕವುಗಳ ಕಥೆ ಹೀಗಲ್ಲ. ಡರ್ಮಾಯ್ಡ್ ಎಂಬುದು ಅಂಡಜೀವಕೋಶದಿಂದಲೇ ಹುಟ್ಟುವ ಗೆಡ್ಡೆ. ಕೊಯ್ದು ನೋಡಿದರೆ ಒಳಗೆ ಜಿಡ್ಡು, ಕೂದಲ ಸಿಂಬೆ, ಒಮ್ಮೊಮ್ಮೆ ಹಲ್ಲು ಕೂಡ ಸಿಗುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದಲ್ಲಿ ನೆಲೆಯೂರಿ, ತಿಂಗಳು ತಿಂಗಳೂ ಅಲ್ಲೇ ರಕ್ತ ಸುರಿಸಿ, ಆ ಹಳೆಯ ರಕ್ತ ಕಂದಾಗಿ ದಪ್ಪವಾದಾಗ ಎಂಡೋಮೆಟ್ರಿಯೋಮಾ ಆಗುತ್ತದೆ. ಬಣ್ಣ ನೋಡಿ ಇದನ್ನು ಚಾಕೊಲೇಟ್ ಸಿಸ್ಟ್ ಎನ್ನುವುದು ರೂಢಿ. ಅಂಡಾಶಯದ ಹೊರಪದರಕ್ಕೆ ಸಂಬಂಧಿಸಿದ ಸಿಸ್ಟಡಿನೋಮಾಗಳಲ್ಲಿ ಲೋಳೆ ತುಂಬುವ ಬಗೆಯದು ಹೊಟ್ಟೆ ತುಂಬುವಷ್ಟು ಬೆಳೆಯಬಲ್ಲದು. 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಫ್ರೇಮ್ ಮೆಕ್‌ಡೊವೆಲ್ ಎಂಬ ವೈದ್ಯ ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಮಹಿಳೆಯೊಬ್ಬಳ ಹತ್ತು ಕಿಲೋ ತೂಕದ ಅಂಡಾಶಯದ ಗೆಡ್ಡೆಯನ್ನು ತೆಗೆದದ್ದು, ಆಕೆ ಬಹುಕಾಲ ಬದುಕಿ ಬಾಳಿದ್ದು ಹೊಟ್ಟೆಯ ಶಸ್ತ್ರಚಿಕಿತ್ಸೆಯ ಇತಿಹಾಸದ ಆರಂಭದ ಪುಟಗಳಲ್ಲಿದೆ. ಈ ಮೂರು ಬಗೆಗಳೂ ತಿಂಗಳ ಚಕ್ರದೊಂದಿಗೆ ಬಂದು ಹೋಗುವಂಥವಲ್ಲ. ಕೂದಲು ಹಲ್ಲುಗಳನ್ನು ಯಾವ ಸೊಪ್ಪಿನ ರಸವೂ ಕರಗಿಸದು. ಸಿಸ್ಟ್‌ಗೆ ಏನು ತಿನ್ನಬೇಕು ಎಂದು ಕೇಳಿದವರಿಗೆ ಯಾವ ಸಿಸ್ಟ್ ಎಂದು ತಿರುಗಿ ಕೇಳದೆ ಉತ್ತರ ಕೊಡುವ ಸಲಹೆಗಾರನನ್ನು ಅಲ್ಲಿಗೇ ಬಿಡುವುದು ಕ್ಷೇಮ.

ತಾನಾಗಿ ಹೋಗುವ ಕಾಯಿಲೆಗೆ ಕೊಟ್ಟ ಔಷಧಿ ಎಷ್ಟು ಸುಲಭವಾಗಿ ಹೆಸರು ಗಳಿಸುತ್ತದೆ ಎಂಬುದಕ್ಕೆ ಆಧುನಿಕ ವೈದ್ಯದಲ್ಲೇ ಒಳ್ಳೆಯ ನಿದರ್ಶನವಿದೆ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅಂಡಾಶಯದ ಗುಳ್ಳೆಯಿದ್ದ 286 ಮಂದಿಗೆ ಗರ್ಭನಿರೋಧಕ ಮಾತ್ರೆ ಕೊಟ್ಟು ಆರು ವಾರ ಕಾದರು. 81 ಮಂದಿಯಲ್ಲಿ ಮಾತ್ರ ಗುಳ್ಳೆ ಉಳಿದಿತ್ತು. ಆಪರೇಷನ್ ಮಾಡಿದಾಗ ಆ 81ರಲ್ಲಿ ಒಂದೂ ಫಂಕ್ಷನಲ್ ಸಿಸ್ಟ್ ಆಗಿರಲಿಲ್ಲ. ಮಾತ್ರೆ ಗುಳ್ಳೆಯನ್ನು ಕರಗಿಸುತ್ತದೆ ಎಂಬ ತೀರ್ಮಾನಕ್ಕೆ ಇಷ್ಟು ಸಾಕಾಯಿತು, ದಶಕಗಳ ಕಾಲ ಅದೇ ರೂಢಿಯಾಯಿತು. ಮಾತ್ರೆ ಕೊಡದೆ ಸುಮ್ಮನೆ ಕಾದಿದ್ದರೆ ಏನಾಗುತ್ತಿತ್ತು ಎಂದು ಆ ವರದಿಯಲ್ಲಿ ನೋಡಿರಲಿಲ್ಲ. ಮುಂದೆ ಮಾತ್ರೆ ತೆಗೆದುಕೊಂಡವರನ್ನೂ ಬರೀ ಕಾದವರನ್ನೂ ಪಕ್ಕಪಕ್ಕದಲ್ಲಿಟ್ಟು ನಡೆದ ಎಂಟು ಪ್ರಯೋಗಗಳನ್ನು, ಒಟ್ಟು 686 ಮಹಿಳೆಯರ ಫಲಿತಾಂಶವನ್ನು, ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಒಟ್ಟುಗೂಡಿಸಿದರು. ಎರಡೂ ಗುಂಪುಗಳಲ್ಲಿ ಗುಳ್ಳೆಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋಗಿದ್ದವು. ಮಾತ್ರೆ ಅಂಡೋತ್ಸರ್ಗವನ್ನು ತಡೆಯುವುದರಿಂದ ಹೊಸ ಗುಳ್ಳೆ ಮೂಡುವುದು ಕಡಿಮೆಯಾಗಬಹುದು, ಅದು ಬೇರೆ ಲಾಭ. ಇರುವ ಗುಳ್ಳೆಯನ್ನು ಓಡಿಸುವ ಶಕ್ತಿ ಮಾತ್ರ ಅದಕ್ಕಿಲ್ಲ. ಅಂಡಾಶಯದ ಮೇಲೆ ನೇರವಾಗಿ ಕೆಲಸ ಮಾಡುವ ಹಾರ್ಮೋನಿಗೇ ಈ ಗತಿಯಾದ ಮೇಲೆ, ಒಂದು ಚಮಚ ಪುಡಿಯ ಬಗ್ಗೆ ಬರುವ ಹೇಳಿಕೆಯನ್ನು ಇದಕ್ಕಿಂತ ಸಡಿಲವಾದ ಅಳತೆಗೋಲಿನಿಂದ ಅಳೆಯಲು ಕಾರಣವಿಲ್ಲ.

ಮೆಂತ್ಯದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಭಾರತದಲ್ಲೇ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಂದೆ ವಿವರಿಸುವ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇದ್ದ 50 ಮಂದಿಗೆ ಮೆಂತ್ಯದ ಬೀಜದಿಂದ ತೆಗೆದ ಸಾರವನ್ನು 90 ದಿನ ಕೊಟ್ಟರು. ಸುಮಾರು ಅರ್ಧದಷ್ಟು ಜನರಲ್ಲಿ ಗುಳ್ಳೆಗಳ ಗಾತ್ರ ತಗ್ಗಿತು, ಮೂರನೇ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು ಜನರಲ್ಲಿ ಪೂರ್ತಿ ಮಾಯವಾಯಿತು ಎಂಬುದು ವರದಿ. ಮೆಂತ್ಯದ ಪರವಾಗಿ ಇಂದು ಓಡಾಡುವ ಮಾತುಗಳಿಗೆ ಇದು ದೊಡ್ಡ ಆಸರೆ. ಆದರೆ ಆ ಅಧ್ಯಯನದಲ್ಲಿ ಸಾರ ಸೇವಿಸದ ಗುಂಪೇ ಇರಲಿಲ್ಲ. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಕೊಡುತ್ತಿರುವುದು ಏನೆಂದು ಗೊತ್ತಿತ್ತು. ಮೇಲೆ ಹೇಳಿದ ಅಮೆರಿಕದ ವರದಿಯ ಕೊರತೆಯೇ ಇಲ್ಲೂ ಇದೆ. ಅದೂ ಅಲ್ಲದೆ ಪ್ರಯೋಗದಲ್ಲಿ ಬಳಸಿದ್ದು ಕಾರ್ಖಾನೆಯಲ್ಲಿ ಸಾಂದ್ರಗೊಳಿಸಿದ ಸಾರ, ರಾತ್ರಿ ನೆನೆಹಾಕಿ ಬೆಳಿಗ್ಗೆ ನುಂಗುವ ಒಂದು ಚಮಚ ಮೆಂತ್ಯವಲ್ಲ. ಒಂದರ ಫಲವನ್ನು ಇನ್ನೊಂದಕ್ಕೆ ಅಂಟಿಸುವುದು ಈ ಕ್ಷೇತ್ರದಲ್ಲಿ ದಿನನಿತ್ಯದ ವ್ಯವಹಾರವಾಗಿಬಿಟ್ಟಿದೆ.

ಉಳಿದ ಮದ್ದುಗಳ ಪುರಾವೆ ಇದಕ್ಕಿಂತಲೂ ತೆಳು. ಕಿಬ್ಬೊಟ್ಟೆಯ ಮೇಲೆ ಹರಳೆಣ್ಣೆಯಲ್ಲಿ ನೆನೆಸಿದ ಬಟ್ಟೆ ಹಾಕಿ ಶಾಖ ಕೊಡುವ ಪದ್ಧತಿ ನಮ್ಮ ಅಜ್ಜಿಯರದು ಎಂದುಕೊಳ್ಳುವವರಿದ್ದಾರೆ. ಇಲ್ಲಿಯೂ ಹೊಟ್ಟೆಗೆ ಹರಳೆಣ್ಣೆ ಸವರುವ ರೂಢಿಯಿದೆ, ಸರಿ. ಆದರೆ ಸಿಸ್ಟ್ ಕರಗಿಸುವ ಪಟ್ಟು ಎಂದು ಇಂದು ಲೋಕದ ತುಂಬ ಪ್ರಚಾರದಲ್ಲಿರುವುದರ ಮೂಲವನ್ನು ಹುಡುಕಿದರೆ ಅದು ಬಹುಮಟ್ಟಿಗೆ ಎಡ್ಗರ್ ಕೇಸಿ ಎಂಬ ಅಮೆರಿಕದ ದಿವ್ಯದೃಷ್ಟಿಯ ಸಲಹೆಗಾರನ ಬಳಿಗೆ ಹೋಗುತ್ತದೆ. 1945ರಲ್ಲಿ ತೀರಿಕೊಂಡ ಆತ ತಂದ್ರಾವಸ್ಥೆಯಲ್ಲಿ ಮಲಗಿ ರೋಗಿಗಳಿಗೆ ಚಿಕಿತ್ಸೆ ಹೇಳುತ್ತಿದ್ದವನು. ಚರ್ಮದ ಮೇಲಿನ ಎಣ್ಣೆ ಅಂಡಾಶಯದ ಗುಳ್ಳೆಯನ್ನು ಕರಗಿಸುತ್ತದೆ ಎಂದು ತೋರಿಸಿದ ಪ್ರಯೋಗವಿಲ್ಲ. ಶಾಖಕ್ಕೆ ಮಾತ್ರ ನೋವು ತಗ್ಗಿಸುವ ಗುಣ ನಿಜವಾಗಿಯೂ ಇದೆ, ಬಿಸಿನೀರಿನ ಚೀಲವೂ ಅಷ್ಟೇ ಕೆಲಸ ಮಾಡುತ್ತದೆ. ಪುದೀನದ ಬಗ್ಗೆ 2010ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಪ್ರಯೋಗ ಒಂದಿದೆ: ಪಿಸಿಒಎಸ್ ಇದ್ದ 42 ಮಂದಿ ಒಂದು ತಿಂಗಳು ದಿನಕ್ಕೆರಡು ಬಾರಿ ಪುದೀನ ಚಹವನ್ನೋ ಬೇರೊಂದು ಗಿಡಮೂಲಿಕೆ ಚಹವನ್ನೋ ಕುಡಿದರು. ಪುದೀನ ಕುಡಿದವರ ರಕ್ತದಲ್ಲಿ ಗಂಡು ಹಾರ್ಮೋನು ಇಳಿಯಿತು, ಮುಖದ ಕೂದಲು ಕಡಿಮೆಯಾದಂತೆ ಅವರಿಗೆ ತೋರಿತು. ವೈದ್ಯರು ಅಳೆದ ಅಂಕಗಳಲ್ಲಿ ವ್ಯತ್ಯಾಸವಿರಲಿಲ್ಲ. ಅಗಸೆಯ ವಿಚಾರದಲ್ಲಿ ಹೆಚ್ಚಾಗಿ ಎತ್ತಿ ಹೇಳುವುದು ಒಬ್ಬಳೇ ರೋಗಿಯ ವರದಿಯನ್ನು. ಅಗಸಿ ಹಿಂಡಿ ಉತ್ತರ ಕರ್ನಾಟಕದ ಊಟದ ತಟ್ಟೆಯಲ್ಲಿ ರುಚಿಗೂ ನಾರಿನಂಶಕ್ಕೂ ಇರಲಿ, ಆದರೆ ಅದಕ್ಕೆ ಔಷಧಿಯ ಹೊಣೆ ಹೊರಿಸುವುದು ಅತಿಯಾಯಿತು. ಕಾಂಚನಾರ ಗುಗ್ಗುಳುವನ್ನು ಆಯುರ್ವೇದದಲ್ಲಿ ಗ್ರಂಥಿ, ಗಂಡಮಾಲೆಗಳಿಗೆ ಹೇಳಲಾಗಿದೆ. ಸ್ಕ್ಯಾನ್ ಇಲ್ಲದ ಕಾಲದ ಆ ವರ್ಗೀಕರಣವನ್ನು ಸ್ಕ್ಯಾನ್ ತೋರಿಸುವ ಗುಳ್ಳೆಯ ಮೇಲೆ ನೇರವಾಗಿ ಹೊದಿಸಲು ಬರುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಆಹಾರಕ್ಕೂ ಗುಳ್ಳೆ ಮೂಡುವುದಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. ಇಟಲಿಯ ಸಂಶೋಧಕರು ಗುಳ್ಳೆಯಿದ್ದವರ ಮತ್ತು ಇಲ್ಲದವರ ಊಟವನ್ನು ಹೋಲಿಸಿ, ಗುಳ್ಳೆಯಿದ್ದವರಲ್ಲಿ ದನದ ಮಾಂಸ ಮತ್ತು ಚೀಸ್‌ನ ಬಳಕೆ ಹೆಚ್ಚು, ಹಸಿರು ತರಕಾರಿ ಕಡಿಮೆ ಎಂದು ವರದಿ ಮಾಡಿದ್ದಾರೆ. ಇಂಥ ಅಧ್ಯಯನದಲ್ಲಿ ಕಾಯಿಲೆ ಬಂದ ಮೇಲೆ ಹಿಂದಿನ ಊಟವನ್ನು ನೆನೆಸಿಕೊಂಡು ಹೇಳಬೇಕು. ತರಕಾರಿ ಹೆಚ್ಚು ತಿನ್ನುವವರು ಬೇರೆ ಹತ್ತು ವಿಧದಲ್ಲೂ ಭಿನ್ನರಾಗಿರುತ್ತಾರೆ. ಅದು ಹೆಚ್ಚೆಂದರೆ ಒಂದು ಸುಳಿವು. ಸುಳಿವೇ ನಿಜವೆಂದುಕೊಂಡರೂ ಅದು ಹೇಳುವುದು ಗುಳ್ಳೆ ಬರುವ ಸಂಭವದ ಬಗ್ಗೆ, ಬಂದ ಗುಳ್ಳೆ ಪಥ್ಯದಿಂದ ಹೋಗುವುದರ ಬಗ್ಗೆ ಅಲ್ಲ. ಅದಕ್ಕಿಂತ ಖಚಿತವಾಗಿ ಗೊತ್ತಿರುವ ಕೆಲವು ಕಾರಣಗಳನ್ನು ಪಥ್ಯದ ಗಲಾಟೆಯಲ್ಲಿ ಯಾರೂ ಕೇಳುವುದೇ ಇಲ್ಲ. ಹಾರ್ಮೋನು ಬಿಡುವ ವಂಕಿ ಹಾಕಿಸಿಕೊಂಡವರಲ್ಲಿ, ಮಕ್ಕಳಾಗಲೆಂದು ಅಂಡೋತ್ಸರ್ಗದ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಸ್ತನ ಕ್ಯಾನ್ಸರ್‌ಗೆ ಟ್ಯಾಮೋಕ್ಸಿಫೆನ್ ನುಂಗುವ, ಇನ್ನೂ ಮುಟ್ಟು ನಿಲ್ಲದವರಲ್ಲಿ ಗುಳ್ಳೆಗಳು ಹೆಚ್ಚು. ಥೈರಾಯ್ಡ್ ತೀರಾ ಕುಗ್ಗಿದ ಹುಡುಗಿಯರಲ್ಲಿ ದೊಡ್ಡ ಗುಳ್ಳೆಗಳು ಮೂಡಿ, ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ತಾವಾಗಿ ಇಳಿದುಹೋಗುವುದೂ ಉಂಟು.

ಆಹಾರಕ್ಕೆ ನಿಜವಾದ ಕೆಲಸವಿರುವುದು ಪಿಸಿಒಎಸ್‌ನಲ್ಲಿ, ಜನರ ಬಾಯಲ್ಲಿ ಪಿಸಿಒಡಿ ಎನ್ನಿಸಿಕೊಳ್ಳುವ ಸ್ಥಿತಿಯಲ್ಲಿ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಮಹಿಳೆಯರಲ್ಲಿ ಗುರುತಿಸಿ ವರ್ಣಿಸಿದ ಈ ಸ್ಥಿತಿಯಲ್ಲಿ ಅಂಡಾಶಯದ ಅಂಚಿನಲ್ಲಿ ಸಾಲಾಗಿ ಕಾಣುವುದು ಎರಡರಿಂದ ಒಂಬತ್ತು ಮಿಲಿಮೀಟರ್ ಅಳತೆಯ, ಬೆಳವಣಿಗೆ ಅರ್ಧಕ್ಕೆ ನಿಂತ ಅಂಡಕೋಶಿಕೆಗಳು. ನಾಲ್ಕು ಸೆಂಟಿಮೀಟರಿನ ಒಂಟಿ ಗುಳ್ಳೆಯ ಜೊತೆ ಇವಕ್ಕೆ ನಂಟಿಲ್ಲ. ಇವು ಒಡೆಯುವುದಿಲ್ಲ, ತಿರುಚಿಕೊಳ್ಳುವುದಿಲ್ಲ, ಇವನ್ನು ತೆಗೆಯುವ ಅಗತ್ಯವೂ ಇಲ್ಲ. ತೊಂದರೆಯ ಬೇರು ಹಾರ್ಮೋನು ಮತ್ತು ಇನ್ಸುಲಿನ್‌ನಲ್ಲಿದೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಏರಿದ ಇನ್ಸುಲಿನ್ ಅಂಡಾಶಯದಿಂದ ಗಂಡು ಹಾರ್ಮೋನನ್ನು ಹೆಚ್ಚಾಗಿ ಹೊರಡಿಸುತ್ತದೆ, ಅದರಿಂದ ಕೋಶಿಕೆ ಬಲಿಯುವುದು ನಿಲ್ಲುತ್ತದೆ, ಮುಟ್ಟು ತಪ್ಪುತ್ತದೆ. ಈ ಸರಪಳಿಯ ಮೊದಲ ಕೊಂಡಿ ಊಟಕ್ಕೂ ದೇಹಶ್ರಮಕ್ಕೂ ಸಿಗುವಂಥದು. ತೂಕ ಹೆಚ್ಚಿದ್ದವರು ಶೇ 5ರಿಂದ 10ರಷ್ಟು ಇಳಿಸಿಕೊಂಡರೂ ಹಲವರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ದೇಶದ ಹಲವು ಭಾಗಗಳಲ್ಲಿ 18ರಿಂದ 40 ವರ್ಷದ ಸುಮಾರು ಹತ್ತು ಸಾವಿರ ಮಹಿಳೆಯರಲ್ಲಿ ನಡೆದು 2024ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹಳೆಯ ಕಟ್ಟುನಿಟ್ಟಿನ ಲಕ್ಷಣಪಟ್ಟಿಯಂತೆ ಶೇ 7.2, 2003ರ ರಾಟರ್‌ಡ್ಯಾಮ್ ಲಕ್ಷಣಪಟ್ಟಿಯಂತೆ ಶೇ 19.6 ಮಂದಿಗೆ ಪಿಸಿಒಎಸ್ ಇತ್ತು. ಇಷ್ಟು ಜನರಿಗೆ ಸಂಬಂಧಿಸಿದ ವಿಷಯವಾದ್ದರಿಂದ ಊಟದ ಮಾತು ಇಲ್ಲಿ ಸಣ್ಣದಲ್ಲ.

ಹಾಗೆಂದು ಇಲ್ಲೂ ಮಂತ್ರದಂಡವಿಲ್ಲ. ಪಿಸಿಒಎಸ್‌ನಲ್ಲಿ ಜೀವನಕ್ರಮ ಬದಲಿಸಿದ 15 ಪ್ರಯೋಗಗಳನ್ನು ಪರಿಶೀಲಿಸಿದ 2019ರ ಕಾಕ್ರೇನ್ ವಿಮರ್ಶೆ ತೂಕದಲ್ಲೂ ಗಂಡು ಹಾರ್ಮೋನಿನಲ್ಲೂ ಒಂದಿಷ್ಟು ಇಳಿಕೆ ಕಂಡಿತು. ಮಗು ಹುಟ್ಟಿದ ಪ್ರಮಾಣವನ್ನು ಮಾತ್ರ ಆ ಪ್ರಯೋಗಗಳಲ್ಲಿ ಯಾವುದೂ ವರದಿ ಮಾಡಿರಲಿಲ್ಲ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2023ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಯಾವುದೇ ಒಂದು ಪಥ್ಯ ಮತ್ತೊಂದಕ್ಕಿಂತ ಮೇಲು ಎನ್ನಲು ಆಧಾರವಿಲ್ಲ ಎಂದಿದೆ. ಅಂದರೆ ಹಾಲು ಬಿಡಿ, ಗೋಧಿ ಬಿಡಿ, ಸಂಜೆ ಏಳರ ಮೇಲೆ ಬಾಯಿ ಕಟ್ಟಿ ಎಂಬ ಕಟ್ಟಳೆಗಳಲ್ಲಿ ಯಾವುದೂ ಪಿಸಿಒಎಸ್‌ನ ವಿಶೇಷ ಮದ್ದಲ್ಲ. ಬಹುಕಾಲ ನಡೆಸಿಕೊಂಡು ಹೋಗಬಲ್ಲ ಊಟವೇ ಲೆಕ್ಕಕ್ಕೆ ಬರುವುದು. ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಅನ್ನದ ಗುಡ್ಡೆ ಸಣ್ಣದಾಗಿ, ಹುಳಿ, ಪಲ್ಯ, ಕಾಳುಸಾರು, ಉಸುಳಿ ದೊಡ್ಡದಾಗಬೇಕು. ಬೆಳಗ್ಗಿನ ಸಕ್ಕರೆ ಕಾಫಿಯ ಜೊತೆ ಬಿಸ್ಕತ್ತು, ಸಂಜೆ ಬೇಕರಿ ತಿಂಡಿ ಕಡಿಮೆಯಾಗಬೇಕು. ರಾಗಿಯ ವಿಚಾರದಲ್ಲಿ ಅಭಿಮಾನ ಸ್ವಲ್ಪ ಹೆಚ್ಚಾಗಿದೆ. ನುಣ್ಣಗೆ ಬೀಸಿದ ಹಿಟ್ಟಿನಲ್ಲಿ ಬೆಲ್ಲ ಹಾಕಿ ಕಾಯಿಸಿದ ರಾಗಿ ಮಾಲ್ಟ್ ರಕ್ತದ ಸಕ್ಕರೆಯನ್ನು ಬೇಗನೆ ಏರಿಸಬಲ್ಲದು. ಸೊಪ್ಪಿನ ಸಾರಿನೊಂದಿಗೆ ಒಂದು ಮುದ್ದೆ ಉಂಡಾಗ ಸಿಗುವ ಫಲ ಅದರಿಂದ ಸಿಗದು. ತೆಳ್ಳಗಿರುವವರಿಗೂ ಪಿಸಿಒಎಸ್ ಬರುತ್ತದೆ. ಅಂಥ ಹುಡುಗಿಗೆ ಊಟ ಕಡಿಮೆ ಮಾಡು ಎನ್ನುವ ಉಪದೇಶ ಅನ್ಯಾಯ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆಯಿದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವ ದೇಶದಲ್ಲಿ ಪಥ್ಯದ ಹೆಸರಿನ ಅರೆಹೊಟ್ಟೆ ಇನ್ನೊಂದು ಕಾಯಿಲೆಗೆ ದಾರಿ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ: ಗಿಡಮೂಲಿಕೆಗಳ ಮೇಲೆ ದೊಡ್ಡ ಪ್ರಯೋಗ ಮಾಡಲು ಹಣ ಹಾಕುವವರಿಲ್ಲ, ಪುರಾವೆ ಇಲ್ಲವೆಂದ ಮಾತ್ರಕ್ಕೆ ಗುಣವಿಲ್ಲವೆಂದಲ್ಲ. ಮಾತು ಸರಿಯೇ. ಪಿಸಿಒಎಸ್‌ನಲ್ಲಿ ಇಂದು ಬಳಸುವ ಮೆಟ್‌ಫಾರ್ಮಿನ್‌ನ ಮೂಲವೂ ಯೂರೋಪಿನ ಜನಪದ ವೈದ್ಯದ ಗಲೇಗಾ ಎಂಬ ಗಿಡದಲ್ಲಿದೆ. ಆದರೆ ಆ ಗಿಡದ ಸಾರದಲ್ಲಿದ್ದ ವಸ್ತು ವಿಷಕಾರಿಯೆಂದು ಕಂಡುಕೊಂಡು, ಅದಕ್ಕೆ ಹತ್ತಿರದ ಸುರಕ್ಷಿತ ರೂಪವನ್ನು ತಯಾರಿಸಿ, 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ ಮೇಲೆ ಅದು ಔಷಧಿಯಾಯಿತು. ಇನ್ನೊಂದು ಆಕ್ಷೇಪ ಹೆಚ್ಚು ಕೇಳಿಬರುವಂಥದು: ಗುಣವಾಗದಿದ್ದರೂ ಹಾನಿಯೇನು? ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಅಗ್ಗದ ಚಕ್ಕೆಯಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚಿದ್ದು, ಚಮಚಗಟ್ಟಲೆ ಪುಡಿಯನ್ನು ತಿಂಗಳುಗಟ್ಟಲೆ ತಿಂದರೆ ಯಕೃತ್ತಿಗೆ ಪೆಟ್ಟು ಬೀಳಬಹುದು. ಅಮೆರಿಕದ ಬಾಸ್ಟನ್ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳಲ್ಲಿ ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರಲ್ಲಿ ವರದಿಯಾಗಿದೆ. ಸ್ತ್ರೀರೋಗ, ಮುಟ್ಟಿನ ದೋಷ, ಗರ್ಭಕೋಶದ ಕಾಯಿಲೆಗಳನ್ನು ವಾಸಿಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಮೊಬೈಲ್ ತೆರೆದರೆ ಆ ಕಾಯ್ದೆ ಇದೆಯೆಂದೇ ಅನ್ನಿಸದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಮನೆಮದ್ದಿನ ಕಡೆ ಜನ ತಿರುಗುವುದು ಮೌಢ್ಯದಿಂದಲ್ಲ, ಕತ್ತಿಯ ಭಯದಿಂದ. ಆ ಭಯಕ್ಕೆ ಕಾರಣವಿದೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಬಡ ಹೆಂಗಸರ ಗರ್ಭಕೋಶವನ್ನು, ಹೊಟ್ಟೆನೋವು ಬಿಳಿಸೆರಗಿನಂಥ ಕಾರಣಗಳಿಗೇ ತೆಗೆದುಹಾಕಿದ ಪ್ರಕರಣಗಳು ಕಳೆದ ದಶಕದಲ್ಲಿ ಹೊರಬಂದು ಪ್ರತಿಭಟನೆಗಳಾದವು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥದೇ ದೂರುಗಳ ಮೇಲೆ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಮಾರ್ಗಸೂಚಿ ಜಾರಿಗೊಳಿಸಲು ಆದೇಶಿಸಿತು. ಕಷಾಯ ಕುಡಿಯುತ್ತಾ ಮೂರು ತಿಂಗಳು ತಳ್ಳಿದವಳು ಅನಗತ್ಯ ಆಪರೇಷನ್ನಿನಿಂದ ಪಾರಾಗಿರಬಹುದು. ಆದರೆ ಅವಳನ್ನು ಪಾರುಮಾಡಿದ್ದು ಆ ಮೂರು ತಿಂಗಳು. ಹಾಗೆ ಕಾಯುವುದು ವೈದ್ಯಶಾಸ್ತ್ರದಲ್ಲೇ ಮಾನ್ಯತೆ ಪಡೆದ ಚಿಕಿತ್ಸೆ. ಹಲವು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನ್‌ನಲ್ಲಿ ಅಪಾಯವಿಲ್ಲದ್ದೆಂದು ಕಂಡ ಗುಳ್ಳೆಗಳಿದ್ದ 1,919 ಮಂದಿಯನ್ನು ಆಪರೇಷನ್ ಮಾಡದೆ ನಿಗಾದಲ್ಲಿಟ್ಟ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಐದರಲ್ಲೊಂದು ಗುಳ್ಳೆ ತಾನಾಗಿ ಹೋಯಿತು. ತಿರುಚಿಕೊಂಡವು ಶೇ 0.4, ಒಡೆದವು ಶೇ 0.2, ಹರಡುವ ಕ್ಯಾನ್ಸರ್ ಎಂದು ಆಮೇಲೆ ಗೊತ್ತಾದವು ಶೇ 0.4. ಆಪರೇಷನ್ ಬೇಡವೆನ್ನಲು ಈ ಅಂಕಿಗಳೇ ಸಾಕು, ಕಷಾಯದ ಸಾಕ್ಷಿ ಬೇಕಿಲ್ಲ. ಕಷಾಯದ ಭರವಸೆಯಲ್ಲಿ ಎರಡನೆಯ ಸ್ಕ್ಯಾನನ್ನೇ ಬಿಟ್ಟುಬಿಡುವುದು ಮಾತ್ರ ಈ ಕಾಯುವಿಕೆಯ ಬೆನ್ನೆಲುಬನ್ನು ಮುರಿಯುತ್ತದೆ.

ಕಾಯುವುದಕ್ಕೂ ಕ್ರಮವಿದೆ. ಬ್ರಿಟನ್ನಿನ ರಾಯಲ್ ಕಾಲೇಜಿನ ಪ್ರಸೂತಿತಜ್ಞರ ಮಾರ್ಗಸೂಚಿಯಂತೆ ಮುಟ್ಟಾಗುವ ವಯಸ್ಸಿನಲ್ಲಿ ಐದು ಸೆಂಟಿಮೀಟರಿಗಿಂತ ಚಿಕ್ಕದಾದ ಸರಳ ಗುಳ್ಳೆಗೆ ಮರುಪರೀಕ್ಷೆಯೂ ಸಾಮಾನ್ಯವಾಗಿ ಬೇಡ. ಐದರಿಂದ ಏಳರದಕ್ಕೆ ವರ್ಷಕ್ಕೊಮ್ಮೆ ಸ್ಕ್ಯಾನ್. ಅದಕ್ಕೂ ದೊಡ್ಡದಕ್ಕೆ ಎಂಆರ್‌ಐ ಅಥವಾ ಆಪರೇಷನ್ನಿನ ಯೋಚನೆ. ರಕ್ತ ಕಟ್ಟಿದಂತೆ ಕಾಣುವ, ಗುರುತು ಅಸ್ಪಷ್ಟವಾದ ಗುಳ್ಳೆಯನ್ನು ಆರರಿಂದ ಹನ್ನೆರಡು ವಾರದ ಮೇಲೆ, ಆ ತಿಂಗಳ ಮುಟ್ಟು ಮುಗಿದ ಕೆಲವೇ ದಿನಗಳಲ್ಲಿ ಮತ್ತೆ ನೋಡುವುದು ವಾಡಿಕೆ. ಆ ಹೊತ್ತಿಗೆ ಹೊಸ ಪೀತಪಿಂಡ ಮೂಡಿರುವುದಿಲ್ಲ. ಚಾಕೊಲೇಟ್ ಸಿಸ್ಟ್‌ನ ನೋವಿಗೆ ಹಾರ್ಮೋನಿನ ಮಾತ್ರೆಗಳಿವೆ. ಒಂದು ಬದಿಯ ಕಿಬ್ಬೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ಸಹಿಸಲಾರದ ನೋವು ಬಂದು ವಾಂತಿಯಾದರೆ ಅಂಡಾಶಯ ತಿರುಚಿಕೊಂಡಿರುವ ಶಂಕೆ. ರಕ್ತಸಂಚಾರ ನಿಂತ ಅಂಡಾಶಯವನ್ನು ಉಳಿಸಿಕೊಳ್ಳಲು ಸಿಗುವುದು ಕೆಲವು ಗಂಟೆಗಳು, ಆಗ ಬಿಸಿನೀರಿನ ಚೀಲ ಹಿಡಿದು ಕೂರುವಂತಿಲ್ಲ. ಮುಟ್ಟು ನಿಂತವರ ಲೆಕ್ಕವೇ ಬೇರೆ. ಅಂಡೋತ್ಸರ್ಗವೇ ಇಲ್ಲದ ಆ ವಯಸ್ಸಿನಲ್ಲಿ ಗುಳ್ಳೆ ತಿಂಗಳ ಚಕ್ರದಿಂದ ಬಂದದ್ದೆನ್ನಲು ಬರುವುದಿಲ್ಲ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ವಾರಗಟ್ಟಲೆ ಇದ್ದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಸ್ಕ್ಯಾನ್ ಜೊತೆಗೆ ಸಿಎ-125 ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ. ಗುಳ್ಳೆ ಸರಳವಾಗಿದ್ದು ಐದು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ, ರಕ್ತಪರೀಕ್ಷೆಯೂ ಸರಿಯಿದ್ದರೆ, ಇವರಿಗೂ ತಕ್ಷಣ ಆಪರೇಷನ್ ಬೇಡ: ನಾಲ್ಕರಿಂದ ಆರು ತಿಂಗಳಿಗೊಮ್ಮೆ ಎರಡನ್ನೂ ಮತ್ತೆ ನೋಡಿ, ಒಂದು ವರ್ಷವಾದರೂ ಬೆಳೆಯದಿದ್ದರೆ ನಿಗಾ ನಿಲ್ಲಿಸಬಹುದು.